ಗಾಯಾಳುವಿಗೆ ಏರಿಸುವ ಬಾಟ್ಲಿ: ಯಾವುದು, ಎಷ್ಟು, ಯಾವಾಗ?

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಪಟಾನ್‌ಚೆರು, ಪಾಶಮೈಲಾರಂ, ಬೊಲ್ಲಾರಂ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವವರು. ಬೀದರ್, ಹುಮನಾಬಾದ್, ಬಸವಕಲ್ಯಾಣಗಳಿಂದ ಜಹೀರಾಬಾದಿನ ಮೇಲೆ ಹಾದು ಬಂದು ಇಲ್ಲಿ ನೆಲಸಿದವರು. ಹಾಗೆ ಬಂದ ೬೫ನೆಯ ರಾಷ್ಟ್ರೀಯ ಹೆದ್ದಾರಿಯೇ ನಮ್ಮ ಊರಿನ ನಡುವೆ ಹರಿದಿದೆ. ಒಂದು ಕಡೆ ಯಂತ್ರ, ಇನ್ನೊಂದು ಕಡೆ ಲಾರಿ. ಇವೆರಡರ ನಡುವೆ ಬದುಕುವವರಿಗೆ ಅಪಘಾತವೆಂಬುದು ಪತ್ರಿಕೆಯಲ್ಲಿ ಓದಿ ಮಡಿಸಿಡುವ ಸುದ್ದಿಯಲ್ಲ. ೨೦೨೫ನೆಯ ಜೂನ್ ೩೦ರಂದು ಪಾಶಮೈಲಾರದ ಔಷಧ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ ನಲವತ್ತಕ್ಕೂ ಮಿಕ್ಕಿ ಜನ ಮಡಿದುದನ್ನು ನಾವಾರೂ ಮರೆತಿಲ್ಲ.

ಇಂಥ ಹೊತ್ತಿನಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ನಿಂತ ನಂಟರು ಮೊದಲು ಕೇಳುವ ಮಾತು, “ಸಲಾಯಿನ್ ಹಚ್ಯಾರೇನು?” ಎಂಬುದು. ಬಾಟ್ಲಿ ತೂಗುತ್ತಿದ್ದರೆ ಚಿಕಿತ್ಸೆ ನಡೆದಿದೆಯೆಂದು ಸಮಾಧಾನ. ಇಲ್ಲವಾದರೆ ಡಾಕ್ಟರು ಕೈಕಟ್ಟಿ ಕುಳಿತರೆಂದು ಕೋಪ. ಒಂದರ ಬದಲು ನಾಲ್ಕು ಏರಿಸಿದರೆ ಇನ್ನೂ ಒಳ್ಳೆಯದೆಂಬ ನಂಬಿಕೆಯೂ ಉಂಟು. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರಿಶೀಲಿಸುವುದೇ ಈ ಪಾಠದ ಉದ್ದೇಶ. ಇದನ್ನು ಬರೆಯುವ ನಾವು ವೈದ್ಯರಲ್ಲ, ಗಿರಣಿಯ ಗುಮಾಸ್ತರು. ಚಿಕಿತ್ಸೆಯನ್ನು ನಿರ್ಧರಿಸತಕ್ಕವರು ವೈದ್ಯರೇ. ಆದರೆ ಅವರು ಏನನ್ನು ಏಕೆ ಮಾಡುತ್ತಾರೆಂಬುದನ್ನು ಅರಿತಿದ್ದರೆ ನಾವು ಅವರಿಗೆ ಅಡ್ಡಿಯಾಗುವುದು ತಪ್ಪಿ ನೆರವಾಗುವುದು ಸಾಧ್ಯ.

೧. ಮೈಯೊಳಗಿನ ಜಮಾ-ಖರ್ಚು

ಲೆಕ್ಕ ಬರೆಯುವವರಿಗೆ ಒಂದು ನಿಯಮ ಗೊತ್ತು: ಯಾವ ಖಾತೆಯಲ್ಲಿ ಕೊರತೆ ಬಿತ್ತೋ ಆ ಖಾತೆಗೇ ಜಮಾ ಆಗಬೇಕು. ನೂಲಿನ ಖಾತೆಯ ಕೊರತೆಯನ್ನು ಕಲ್ಲಿದ್ದಲಿನ ಖಾತೆಯಲ್ಲಿ ತುಂಬಿದರೆ ಮೊತ್ತ ಸರಿಹೋದಂತೆ ಕಂಡೀತು, ಲೆಕ್ಕ ಸರಿಹೋಗದು. ಮೈಯ ವಿಷಯದಲ್ಲಿಯೂ ಹೀಗೆಯೇ. ಬಾಟ್ಲಿ ಏರಿಸುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ: ಈ ಮನುಷ್ಯನ ಮೈಯಿಂದ ಹೋದದ್ದೇನು?

ಬೆಳೆದವರ ಮೈಯಲ್ಲಿ ಪ್ರತಿಯೊಂದು ಕಿಲೋ ತೂಕಕ್ಕೆ ಸುಮಾರು ೭೦ ಮಿಲಿಲೀಟರ್ ರಕ್ತವಿರುತ್ತದೆ. ೬೦ ಕಿಲೋ ತೂಗುವವನಲ್ಲಿ ೪,೨೦೦ ಮಿಲಿಲೀಟರ್, ಅಂದರೆ ನಾಲ್ಕು ಲೀಟರಿಗೆ ತುಸು ಹೆಚ್ಚು. ರಕ್ತವೆಂದರೆ ಬರಿಯ ಕೆಂಪು ನೀರಲ್ಲ. ಅದರಲ್ಲಿನ ಕೆಂಪು ಕಣಗಳು ಶ್ವಾಸಕೋಶದಿಂದ ಪ್ರಾಣವಾಯುವನ್ನು ಹೊತ್ತು ಮೈಯ ಮೂಲೆಮೂಲೆಗೆ ಮುಟ್ಟಿಸುತ್ತವೆ. ಪ್ಲಾಸ್ಮಾ ಎಂಬ ತಿಳಿಹಳದಿಯ ದ್ರವದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಸತ್ವಗಳಿವೆ. ಪ್ಲೇಟ್‌ಲೆಟ್ ಎಂಬ ಅತಿ ಸಣ್ಣ ಕಣಗಳು ಗಾಯದ ಬಾಯಿಗೆ ಮೊದಲು ಹೋಗಿ ಅಂಟಿಕೊಂಡು ಮುಚ್ಚಳವಾಗುತ್ತವೆ. ಹೊರುವವರು, ಹೆಪ್ಪು ಹಾಕುವವರು, ಮುಚ್ಚುವವರು ಹೀಗೆ ಮೂವರೂ ಒಟ್ಟಿಗೆ ಇದ್ದರೇ ರಕ್ತ.

ನೂರಕ್ಕೆ ಹದಿನೈದು ಪಾಲಿನವರೆಗೆ ರಕ್ತ ಹೋದರೆ ಆರೋಗ್ಯವಂತನ ಮೈ ತಾನೇ ಸರಿದೂಗಿಸಿಕೊಳ್ಳುತ್ತದೆ. ಹದಿನೈದರಿಂದ ಮೂವತ್ತು ಪಾಲು ಹೋದರೆ ನಾಡಿ ಓಡತೊಡಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ರೋಗಿ ಕಳವಳಪಡುತ್ತಾನೆ. ಮೂವತ್ತು ದಾಟಿದ ಮೇಲೆ ರಕ್ತದೊತ್ತಡ ಇಳಿಯುತ್ತದೆ, ಬುದ್ಧಿ ಮಂಕಾಗುತ್ತದೆ. ನಲವತ್ತು ದಾಟಿದರೆ ಪ್ರಾಣ ಅಂಚಿನಲ್ಲಿದೆಯೆಂದೇ ಅರ್ಥ. ಇಲ್ಲಿ ನೆನಪಿಡತಕ್ಕ ಅಂಶವೇನೆಂದರೆ, ಒತ್ತಡ ಇಳಿಯುವ ಹೊತ್ತಿಗೆ ಸುಮಾರು ಮೂರನೆಯ ಒಂದು ಪಾಲು ರಕ್ತ ಆಗಲೇ ಹೋಗಿರುತ್ತದೆ. ಆದಕಾರಣ “ಮಾತಾಡುತ್ತಿದ್ದಾನೆ, ಏನೂ ಆಗಿಲ್ಲ” ಎಂದು ನೆಚ್ಚಿ ಕೂರಬಾರದು. ರಕ್ತ ಹೊರಗೆ ಕಾಣಿಸಲೇಬೇಕೆಂಬುದೂ ಇಲ್ಲ. ಎದೆ, ಹೊಟ್ಟೆ, ಸೊಂಟದ ಮೂಳೆಗಳ ನಡುವೆ ಲೀಟರುಗಟ್ಟಲೆ ಸದ್ದಿಲ್ಲದೆ ಸುರಿಯಬಹುದು. ತೊಡೆಯ ಮೂಳೆ ಮುರಿದರೆ ಆ ತೊಡೆಯೊಳಗೇ ಲೀಟರಿಗೂ ಮಿಕ್ಕಿ ರಕ್ತ ತುಂಬಿಕೊಳ್ಳಬಹುದು.

೨. ಬಾಟ್ಲಿಗಳ ಪರಿಚಯ

ರಕ್ತನಾಳಕ್ಕೆ ಉಪ್ಪುನೀರು ಏರಿಸುವ ಪದ್ಧತಿ ಗಾಯಾಳುಗಳಿಗಾಗಿ ಹುಟ್ಟಿದ್ದಲ್ಲ. ೧೮೩೨ರಲ್ಲಿ ಸ್ಕಾಟ್ಲೆಂಡಿನ ಲೀತ್ ಬಂದರಿನಲ್ಲಿ ಕಾಲರಾ ಹರಡಿದಾಗ ಥಾಮಸ್ ಲ್ಯಾಟಾ ಎಂಬ ವೈದ್ಯರು ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿ ನೋಡಿದರು; ಸಾವಿನ ಅಂಚಿನಲ್ಲಿದ್ದ ಕೆಲವರು ಕಣ್ಣು ತೆರೆದರು. ಕಾಲರಾದಲ್ಲಿ ಮೈಯಿಂದ ಹೋಗುವುದು ನೀರು ಮತ್ತು ಉಪ್ಪು. ತುಂಬಿದ್ದೂ ನೀರು ಮತ್ತು ಉಪ್ಪು. ಖಾತೆ ಸರಿಯಾಗಿತ್ತು. ವಾಂತಿಭೇದಿಗೆ ಇಂದಿಗೂ ಅದೇ ಮದ್ದು. ಅಲ್ಲಿ ಪಡೆದ ಕೀರ್ತಿಯನ್ನೇ ಸಲೈನು ಎಲ್ಲ ಕಡೆಗೂ ಹೊತ್ತು ತಂದಿದೆ.

ಈಗ ಬಳಕೆಯಲ್ಲಿರುವ ಮುಖ್ಯ ಬಾಟ್ಲಿಗಳು ಇವು.

ಮೊದಲನೆಯದು, ನಾರ್ಮಲ್ ಸಲೈನ್. ಒಂದು ಲೀಟರ್ ನೀರಿಗೆ ೯ ಗ್ರಾಂ ಉಪ್ಪು. ಹೆಸರು ನಾರ್ಮಲ್ ಎಂದಿದ್ದರೂ ಇದರಲ್ಲಿ ಕ್ಲೋರೈಡ್ ಲೀಟರಿಗೆ ೧೫೪ ಮಿಲಿಮೋಲ್ ಇದೆ. ನಮ್ಮ ರಕ್ತದಲ್ಲಿರುವುದು ಸುಮಾರು ೧೦೦. ಒಂದೆರಡು ಬಾಟ್ಲಿಗೆ ಬಾಧಕವಿಲ್ಲ. ಬಹಳ ಏರಿಸಿದರೆ ರಕ್ತ ಹುಳಿಯ ಕಡೆಗೆ, ಅಂದರೆ ಆಮ್ಲತೆಗೆ, ವಾಲುತ್ತದೆ.

ಎರಡನೆಯದು, ರಿಂಗರ್ ಲ್ಯಾಕ್ಟೇಟ್. ಆಸ್ಪತ್ರೆಯವರ ಮಾತಿನಲ್ಲಿ ‘ಆರೆಲ್’. ಲಂಡನಿನ ಸಿಡ್ನಿ ರಿಂಗರ್ ಎಂಬವರು ೧೮೮೦ರ ದಶಕದಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಪ್ರಯೋಗ ನಡೆಸುತ್ತಿದ್ದಾಗ, ಶುದ್ಧಜಲದಲ್ಲಿ ಬೇಗ ನಿಲ್ಲುವ ಹೃದಯ ನಲ್ಲಿಯ ನೀರಿನಲ್ಲಿ ಬಹಳ ಹೊತ್ತು ಮಿಡಿಯುವುದನ್ನು ಕಂಡರು. ಕಾರಣ ಹುಡುಕಿದಾಗ ನಲ್ಲಿಯ ನೀರಿನ ಕ್ಯಾಲ್ಸಿಯಂ ಎಂದು ತಿಳಿಯಿತು. ೧೯೩೦ರ ದಶಕದಲ್ಲಿ ಅಮೆರಿಕೆಯ ಅಲೆಕ್ಸಿಸ್ ಹಾರ್ಟ್‌ಮನ್ ಇದಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಇದರ ಕ್ಲೋರೈಡ್ ೧೦೯. ರಕ್ತದ ಪಾಕಕ್ಕೆ ಸಲೈನಿಗಿಂತ ಹತ್ತಿರ.

ಮೂರನೆಯದು, ಗ್ಲೂಕೋಸ್. ನಮ್ಮ ಜನ “ಗ್ಲೂಕೋಸ್ ಏರಿಸಿದರೆ ಶಕ್ತಿ ಬರುತ್ತದೆ” ಎನ್ನುವುದು ಇದನ್ನೇ. ನೂರಕ್ಕೆ ಐದರ ಗ್ಲೂಕೋಸ್ ಬಾಟ್ಲಿಯಲ್ಲಿರುವ ಸಕ್ಕರೆಯನ್ನು ಮೈ ಬೇಗ ಬಳಸಿಕೊಳ್ಳುತ್ತದೆ. ಉಳಿಯುವುದು ಬರಿಯ ನೀರು. ಆ ನೀರು ನಾಳದಲ್ಲಿ ನಿಲ್ಲದೆ ಮೈಯೆಲ್ಲ ಹರಡುತ್ತದೆ. ಲೀಟರು ಏರಿಸಿದರೆ ನಾಳದಲ್ಲಿ ಉಳಿಯುವುದು ಸುಮಾರು ಹನ್ನೆರಡನೆಯ ಒಂದು ಪಾಲು. ರಕ್ತ ಸುರಿಯುತ್ತಿರುವ ಗಾಯಾಳುವಿಗೆ ಇದು ತಕ್ಕ ಬಾಟ್ಲಿಯಲ್ಲ. ಸಲೈನು, ಆರೆಲ್‌ಗಳೂ ಪೂರ್ತಿ ನಿಲ್ಲುವುದಿಲ್ಲ. ಗಂಟೆಯೊಂದು ಕಳೆಯುವ ಹೊತ್ತಿಗೆ ನಾಳದಲ್ಲಿ ಉಳಿಯುವುದು ಕಾಲು ಪಾಲಿನಷ್ಟು. ಉಳಿದದ್ದು ಹೊರಕ್ಕೆ ಇಳಿದು ಬಾವು ತರುತ್ತದೆ.

ನಾಲ್ಕನೆಯದು, ನಾಳದಲ್ಲಿ ಹೆಚ್ಚು ಹೊತ್ತು ನಿಲ್ಲಲಿ ಎಂದು ತಯಾರಿಸಿದ ಮಂದ ದ್ರವಗಳು. ಪಿಷ್ಟದಿಂದ ಮಾಡಿದವುಗಳ ಮೇಲೆ ಬಹಳ ಆಸೆಯಿತ್ತು. ೨೦೧೨ರಲ್ಲಿ ಹೊರಬಂದ ದೊಡ್ಡ ಪರೀಕ್ಷೆಗಳಲ್ಲಿ ಅವು ಮೂತ್ರಪಿಂಡಕ್ಕೆ ಕೇಡೆಂದು ಕಂಡಿತು, ೨೦೨೨ರಲ್ಲಿ ಯೂರೋಪು ಅವನ್ನು ಮಾರುಕಟ್ಟೆಯಿಂದ ತೆಗೆಯಲು ಆಜ್ಞೆಮಾಡಿತು. ಆಲ್ಬುಮಿನ್ ಎಂಬ ದುಬಾರಿ ದ್ರವವನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸುಮಾರು ಏಳು ಸಾವಿರ ರೋಗಿಗಳಲ್ಲಿ ಸಲೈನಿಗೆ ಹೋಲಿಸಿ ನೋಡಿದರು. ೨೦೦೪ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಟ್ಟಾರೆ ಹೆಚ್ಚುಕಡಿಮೆ ಏನೂ ಇರಲಿಲ್ಲ. ಬೆಲೆ ಹೆಚ್ಚಾದುದರಿಂದ ಗುಣ ಹೆಚ್ಚೆಂದು ತಿಳಿಯಬಾರದು.

೩. ರಕ್ತ ಸುರಿಯುತ್ತಿರುವಾಗ

ತೂತಾದ ಕೊಡಕ್ಕೆ ನೀರು ಹೊಯ್ಯುವವನು ಮೊದಲು ತೂತು ಮುಚ್ಚಬೇಕಷ್ಟೆ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳು ಸಿಪಾಯಿಗಳನ್ನು ಕಂಡ ಅಮೆರಿಕೆಯ ವಿಜ್ಞಾನಿ ವಾಲ್ಟರ್ ಕ್ಯಾನನ್ ೧೯೧೮ರಲ್ಲಿಯೇ ಎಚ್ಚರಿಸಿದ್ದರು: ರಕ್ತಸ್ರಾವವನ್ನು ತಡೆಯುವ ಮುನ್ನವೇ ಒತ್ತಡವನ್ನು ಏರಿಸಿದರೆ ಉಳಿದ ರಕ್ತವೂ ಹೊರಗೆ ಹೋದೀತು. ಆದರೆ ಮುಂದಿನ ಕಾಲದಲ್ಲಿ, ವಿಶೇಷವಾಗಿ ೧೯೬೦ರ ದಶಕದ ಅನಂತರ, ಲೀಟರುಗಟ್ಟಲೆ ಉಪ್ಪುನೀರು ಏರಿಸುವ ಪದ್ಧತಿ ಬೇರೂರಿತು.

೧೯೯೪ರಲ್ಲಿ ಅಮೆರಿಕೆಯ ಹ್ಯೂಸ್ಟನ್ ನಗರದಿಂದ ಒಂದು ಪರೀಕ್ಷೆಯ ವರದಿ ಬಂತು. ಎದೆ ಹೊಟ್ಟೆಗಳಿಗೆ ಇರಿತ ಅಥವಾ ಗುಂಡೇಟು ತಗಲಿ ಒತ್ತಡ ಇಳಿದಿದ್ದ ೫೯೮ ಮಂದಿಯಲ್ಲಿ ಕೆಲವರಿಗೆ ದಾರಿಯಿಂದಲೇ ಬಾಟ್ಲಿ ಏರಿಸಿದರು; ಉಳಿದವರಿಗೆ ಶಸ್ತ್ರಚಿಕಿತ್ಸೆಯ ಕೊಠಡಿ ಸೇರುವವರೆಗೆ ಏರಿಸಲಿಲ್ಲ. ಬೇಗ ಏರಿಸಿದವರಲ್ಲಿ ನೂರಕ್ಕೆ ೬೨ ಮಂದಿ ಬದುಕಿದರೆ, ತಡೆದವರಲ್ಲಿ ೭೦ ಮಂದಿ ಬದುಕಿದರು. ಇದು ಇರಿತ ಗುಂಡೇಟುಗಳ, ಆಸ್ಪತ್ರೆ ಹತ್ತಿರವಿದ್ದ ನಗರದ ಲೆಕ್ಕ. ಎಲ್ಲ ಗಾಯಕ್ಕೂ ಹಾಗೆಯೇ ಅನ್ವಯಿಸಲಾಗದು. ಆದರೂ “ಎಷ್ಟು ಬಾಟ್ಲಿಯೋ ಅಷ್ಟು ಒಳ್ಳೆಯದು” ಎಂಬ ನಂಬಿಕೆಯ ಬುಡ ಅಲ್ಲಿಂದ ಅಲುಗಿತು.

ಉಪ್ಪುನೀರು ಹೆಚ್ಚಾದರೆ ಕೇಡೇಕೆ? ಮಜ್ಜಿಗೆಗೆ ನೀರು ಬೆರೆಸಿದಷ್ಟೂ ತೆಳ್ಳಗಾಗುವಂತೆ ಉಳಿದ ರಕ್ತ ತೆಳ್ಳಗಾಗುತ್ತದೆ. ಹೆಪ್ಪುಗಟ್ಟಿಸುವ ಸತ್ವಗಳ ಬಲ ಕುಗ್ಗುತ್ತದೆ. ಒತ್ತಡ ಏರಿ, ಆಗ ತಾನೇ ಕಟ್ಟಿದ ಎಳೆಯ ಹೆಪ್ಪು ಕಿತ್ತುಹೋಗುತ್ತದೆ. ತಣ್ಣನೆಯ ಬಾಟ್ಲಿಯಿಂದ ಮೈ ತಣ್ಣಗಾಗುತ್ತದೆ. ಮೈ ತಣ್ಣಗಾಗುವುದು, ರಕ್ತ ಆಮ್ಲವಾಗುವುದು, ಹೆಪ್ಪುಗಟ್ಟದಿರುವುದು ಎಂಬ ಮೂರೂ ಒಂದನ್ನೊಂದು ಹೆಚ್ಚಿಸುತ್ತ ರೋಗಿಯನ್ನು ಕೆಳಕ್ಕೆ ಎಳೆಯುತ್ತವೆ.

ಆದ್ದರಿಂದ ಇಂದಿನ ಪದ್ಧತಿಯ ಸಾರ ಹೀಗಿದೆ. ಮೊದಲು ರಕ್ತಸ್ರಾವ ತಡೆ. ರಕ್ತ ಸಿಗುವವರೆಗೆ ಬೆಚ್ಚಗಿನ ಸಲೈನ್ ಅಥವಾ ಆರೆಲ್ಲನ್ನು ೨೫೦ ಮಿಲಿಲೀಟರಿನಂತೆ ಸ್ವಲ್ಪ ಸ್ವಲ್ಪವೇ ಕೊಟ್ಟು, ನಾಡಿ ನೋಡಿ, ಮತ್ತೆ ಕೊಡುವುದು; ಬೆಳೆದವರಿಗೆ ಒಟ್ಟು ಒಂದು ಲೀಟರಿನ ಆಸುಪಾಸಿನಲ್ಲಿ ನಿಲ್ಲಿಸಿ ರಕ್ತಕ್ಕೆ ತಿರುಗುವುದು. ತಲೆಗೆ ಪೆಟ್ಟಿಲ್ಲದಿದ್ದರೆ ಸ್ರಾವ ನಿಲ್ಲುವವರೆಗೆ ರಕ್ತದೊತ್ತಡದ ಮೇಲಿನ ಅಂಕಿ ೮೦ರಿಂದ ೯೦ರವರೆಗೆ ಇದ್ದರೆ ಸಾಕೆಂದು ತಾಳುವುದು. ನಂಟರು “ಬಾಟ್ಲಿ ನಿಧಾನ ಹೋಗುತ್ತಿದೆ” ಎಂದು ಅದರ ಚಕ್ರವನ್ನು ತಾವೇ ತಿರುಗಿಸಬಾರದೆಂಬುದಕ್ಕೆ ಇದೇ ಕಾರಣ.

ರಕ್ತ ಕೊಡುವಾಗಲೂ ಕೆಂಪು ಕಣಗಳನ್ನಷ್ಟೇ ಕೊಟ್ಟರೆ ಸಾಲದು. ೨೦೧೫ರಲ್ಲಿ ಅಮೆರಿಕೆಯ ೧೨ ಆಸ್ಪತ್ರೆಗಳಲ್ಲಿ ೬೮೦ ಗಾಯಾಳುಗಳ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. ಒಂದು ಗುಂಪಿಗೆ ಪ್ಲಾಸ್ಮಾ, ಪ್ಲೇಟ್‌ಲೆಟ್, ಕೆಂಪು ಕಣಗಳನ್ನು ಸಮಪಾಲಿನಲ್ಲಿ ಕೊಟ್ಟರು; ಇನ್ನೊಂದಕ್ಕೆ ಕೆಂಪು ಕಣ ಎರಡು ಪಾಲು, ಉಳಿದವು ಒಂದೊಂದು ಪಾಲು. ತಿಂಗಳ ಕೊನೆಗೆ ಒಟ್ಟು ಸಾವುಗಳಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲ ದಿನ ರಕ್ತಸ್ರಾವದಿಂದ ಸತ್ತವರು ಸಮಪಾಲಿನ ಗುಂಪಿನಲ್ಲಿ ನೂರಕ್ಕೆ ೯.೨, ಇನ್ನೊಂದರಲ್ಲಿ ೧೪.೬. ಮೂರು ಖಾತೆಯ ಕೊರತೆಯನ್ನು ಮೂರರಲ್ಲಿಯೂ ತುಂಬಬೇಕೆಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಅಗ್ಗದ ಔಷಧಿಯುಂಟು: ಟ್ರಾನೆಕ್ಸಾಮಿಕ್ ಆಮ್ಲ. ಜಪಾನಿನ ಒಕಾಮೊಟೊ ದಂಪತಿಗಳು ೧೯೬೦ರ ದಶಕದಲ್ಲಿ ಬೆಳಕಿಗೆ ತಂದ ಇದು ಕಟ್ಟಿದ ಹೆಪ್ಪು ಕರಗದಂತೆ ಕಾಯುತ್ತದೆ. ಭಾರತವೂ ಸೇರಿ ೪೦ ದೇಶಗಳ ೨೭೪ ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಗಾಯಾಳುಗಳಲ್ಲಿ ನಡೆದ ಪರೀಕ್ಷೆಯ ಫಲ ೨೦೧೦ರಲ್ಲಿ ಬಂತು. ಸಾವು ನೂರಕ್ಕೆ ೧೬ರಿಂದ ೧೪.೫ಕ್ಕೆ ಇಳಿದಿತ್ತು. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಇದರ ಪ್ರಯೋಜನ. ತಡವಾದರೆ ಕೇಡೂ ಆಗಬಹುದು.

ಹಾಗಾದರೆ ಆಂಬುಲೆನ್ಸಿನಲ್ಲಿಯೇ ರಕ್ತ ಕೊಡಬಾರದೆ? ಇದರಲ್ಲಿ ಒಮ್ಮತವಿಲ್ಲ. ೨೦೧೮ರ ಅಮೆರಿಕೆಯ ಪರೀಕ್ಷೆಯಲ್ಲಿ ಹೆಲಿಕಾಪ್ಟರಿನಲ್ಲಿ ಪ್ಲಾಸ್ಮಾ ಪಡೆದವರು ಹೆಚ್ಚು ಬದುಕಿದರು. ೨೦೨೨ರ ಇಂಗ್ಲೆಂಡಿನ ಪರೀಕ್ಷೆಯಲ್ಲಿ ದಾರಿಯಲ್ಲಿ ರಕ್ತ ಪಡೆದವರಿಗೂ ಸಲೈನು ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. ಶಸ್ತ್ರವೈದ್ಯರ ಮೇಜನ್ನು ಬೇಗ ಮುಟ್ಟಿಸುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

೪. ಬೇರೆ ಮೂರು ಸಂದರ್ಭಗಳು

ತಲೆಗೆ ಪೆಟ್ಟಾದವರು: ಇಲ್ಲಿ ಒತ್ತಡವನ್ನು ತಗ್ಗಿರಲು ಬಿಡುವಂತಿಲ್ಲ; ಮೇಲಿನ ಅಂಕಿ ೧೦೦ರಿಂದ ೧೧೦ಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾರೆ, ಏಕೆಂದರೆ ಪೆಟ್ಟಾದ ಮಿದುಳು ಪ್ರಾಣವಾಯುವಿನ ಕೊರತೆಯನ್ನು ತಾಳದು. ಗ್ಲೂಕೋಸಿನ ನೀರು ಮಿದುಳಿನ ಬಾವನ್ನು ಹೆಚ್ಚಿಸುತ್ತದೆ, ಆದ್ದರಿಂದ ಸಲ್ಲದು. ಮೇಲೆ ಹೇಳಿದ ಆಲ್ಬುಮಿನ್ ಪರೀಕ್ಷೆಯಲ್ಲಿಯೂ ತಲೆಗೆ ತೀವ್ರ ಪೆಟ್ಟಾದವರಲ್ಲಿ ಆಲ್ಬುಮಿನ್ ಪಡೆದವರೇ ಹೆಚ್ಚು ಮಂದಿ ತೀರಿಕೊಂಡಿದ್ದರು. ಇಂಥವರಿಗೆ ಸಲೈನನ್ನೇ ಹೆಚ್ಚಾಗಿ ಆರಿಸುತ್ತಾರೆ. ಹೆಲ್ಮೆಟಿಲ್ಲದೆ ಹೆದ್ದಾರಿಗಿಳಿಯುವ ನಮ್ಮ ತರುಣರು ಇದನ್ನು ಗಮನಿಸಲಿ.

ಸುಟ್ಟವರು: ಸುಟ್ಟ ಗಾಯದಿಂದ ಹೋಗುವುದು ಕೆಂಪು ರಕ್ತವಲ್ಲ, ನಾಳಗಳು ಸೋರಿ ಉಪ್ಪು ಬೆರೆತ ನೀರಿನಂಶ ಇಳಿಯುತ್ತದೆ. ಆದ್ದರಿಂದ ಇಲ್ಲಿ ಆರೆಲ್ಲೇ ಮುಖ್ಯ, ಬಾಟ್ಲಿಯೂ ಹೆಚ್ಚು ಬೇಕು. ೧೯೬೮ರಲ್ಲಿ ಅಮೆರಿಕೆಯ ಡಲ್ಲಾಸಿನಲ್ಲಿ ಚಾರ್ಲ್ಸ್ ಬ್ಯಾಕ್ಸ್‌ಟರ್ ಮುಂದಿಟ್ಟ ಸೂತ್ರ ಹೀಗಿದೆ: ತೂಕದ ಕಿಲೋ, ಸುಟ್ಟ ಚರ್ಮದ ಶೇಕಡ, ಇವೆರಡನ್ನೂ ಗುಣಿಸಿ ೪ರಿಂದ ಮತ್ತೆ ಗುಣಿಸು. ೬೦ ಕಿಲೋ ಮನುಷ್ಯನ ಮೈ ನೂರಕ್ಕೆ ೩೦ ಪಾಲು ಸುಟ್ಟಿದ್ದರೆ ದಿನಕ್ಕೆ ೭,೨೦೦ ಮಿಲಿಲೀಟರ್. ಅದರಲ್ಲಿ ಅರ್ಧ ಮೊದಲ ಎಂಟು ಗಂಟೆಯಲ್ಲಿ. ಈಚೆಗೆ ೪ರ ಬದಲು ೨ರಿಂದ ಆರಂಭಿಸಿ, ಗಂಟೆಗೆ ಮೂತ್ರ ಎಷ್ಟು ಬರುತ್ತದೆಂದು ಅಳೆದು ಏರಿಸಿ ಇಳಿಸುವ ಕ್ರಮ ರೂಢಿಗೆ ಬಂದಿದೆ. ಎಂಟು ಗಂಟೆಯನ್ನು ಎಣಿಸುವುದು ಆಸ್ಪತ್ರೆಗೆ ಸೇರಿದ ಹೊತ್ತಿನಿಂದಲ್ಲ, ಸುಟ್ಟ ಹೊತ್ತಿನಿಂದ. ಆದಕಾರಣ ಬೆಂಕಿ ತಗಲಿದ ಗಂಟೆ ನಿಮಿಷವನ್ನು ಜೊತೆಗೆ ಹೋದವರು ಡಾಕ್ಟರಿಗೆ ತಪ್ಪದೆ ಹೇಳಬೇಕು.

ಅವಶೇಷದಡಿ ಸಿಕ್ಕವರು: ೧೯೪೧ರಲ್ಲಿ ಲಂಡನಿನ ಮೇಲೆ ಬಾಂಬು ಬಿದ್ದ ಕಾಲದಲ್ಲಿ ಬೈವಾಟರ್ಸ್ ಎಂಬ ವೈದ್ಯರು ಒಂದು ವಿಚಿತ್ರವನ್ನು ಗುರುತಿಸಿದರು. ಗೋಡೆಯಡಿ ಕಾಲು ಸಿಕ್ಕಿ ಪಾರಾದವರು ಮೊದಲು ಚೆನ್ನಾಗಿಯೇ ಇದ್ದು, ಕೆಲವು ದಿನಗಳಲ್ಲಿ ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದರು. ಜಜ್ಜಿದ ಮಾಂಸಖಂಡದಿಂದ ಪೊಟ್ಯಾಸಿಯಂ ಮೊದಲಾದವು ರಕ್ತಕ್ಕೆ ಇಳಿಯುವುದೇ ಕಾರಣ. ಇಂಥವರಿಗೆ ಭಾರವನ್ನು ಎತ್ತುವ ಮುನ್ನವೇ ಸಲೈನ್ ಆರಂಭಿಸುವುದು ಲೇಸು. ಆರೆಲ್‌ನಲ್ಲಿ ಪೊಟ್ಯಾಸಿಯಂ ಇರುವುದರಿಂದ ಇಲ್ಲಿ ಸಲೈನಿಗೇ ಪ್ರಾಶಸ್ತ್ಯ.

ಹೀಗೆ ಒಂದೇ ಸ್ಫೋಟದಿಂದ ಬಂದ ನಾಲ್ವರಿಗೆ ನಾಲ್ಕು ಬಗೆಯ ಚಿಕಿತ್ಸೆ ನಡೆಯಬಹುದು. ಪಕ್ಕದ ಮಂಚದವನಿಗೆ ಆರು ಬಾಟ್ಲಿ, ನಮ್ಮವನಿಗೆ ಒಂದೇ ಎಂದು ಜಗಳ ತೆಗೆಯಲು ಕಾರಣವಿಲ್ಲ.

೫. ನಮ್ಮ ಪಾಲಿನ ಕೆಲಸ

ರಕ್ತವನ್ನು ಯಾವ ಕಾರ್ಖಾನೆಯಲ್ಲಿಯೂ ತಯಾರಿಸಲಾಗದು. ಅದು ಮನುಷ್ಯನಿಂದಲೇ ಮನುಷ್ಯನಿಗೆ ಬರಬೇಕು. ಸುಪ್ರೀಂ ಕೋರ್ಟಿನ ೧೯೯೬ರ ತೀರ್ಪಿನ ಮೇರೆಗೆ ೧೯೯೮ರಿಂದ ಹಣಕ್ಕೆ ರಕ್ತ ಮಾರುವ ಪದ್ಧತಿ ನಮ್ಮ ದೇಶದಲ್ಲಿ ನಿಷಿದ್ಧ. ಕೆಂಪು ಕಣಗಳು ಶೀತಪೆಟ್ಟಿಗೆಯಲ್ಲಿ ಹೆಚ್ಚೆಂದರೆ ೪೨ ದಿನ, ಪ್ಲೇಟ್‌ಲೆಟ್‌ಗಳು ಐದು ದಿನ ಬಾಳುತ್ತವೆ. ಅಪಘಾತವಾದ ಮೇಲೆ ಕೊಟ್ಟ ರಕ್ತವನ್ನು ಪರೀಕ್ಷಿಸಿ ಬೇರ್ಪಡಿಸಿ ಸಿದ್ಧಪಡಿಸುವುದಕ್ಕೆ ಗಂಟೆಗಳು ಹಿಡಿಯುತ್ತವೆ. ಗಾಯಾಳುವಿಗೆ ಇರುವುದು ನಿಮಿಷಗಳು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವೇನು? ಅವನನ್ನು ಉಳಿಸುವ ರಕ್ತ ಹಿಂದಿನ ವಾರ ಯಾರೋ ಅಪರಿಚಿತರು ಕೊಟ್ಟಿದ್ದೇ ಆಗಿರಬೇಕು.

ಹದಿನೆಂಟರಿಂದ ಅರವತ್ತೈದು ವಯಸ್ಸಿನ, ೪೫ ಕಿಲೋಗೆ ಕಡಿಮೆಯಿಲ್ಲದ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಒಂದು ಸಲಕ್ಕೆ ತೆಗೆಯುವುದು ೩೫೦ ಅಥವಾ ೪೫೦ ಮಿಲಿಲೀಟರ್. ಮೇಲಿನ ಲೆಕ್ಕದಂತೆ ಅದು ಮೈ ತಾನೇ ಸರಿದೂಗಿಸಿಕೊಳ್ಳುವ ಮಿತಿಯೊಳಗೇ ಇದೆ.

ಅಪಘಾತದ ಸ್ಥಳದಲ್ಲಿ ಮಾಡತಕ್ಕದ್ದು ಇಷ್ಟು. ೧೦೮ಕ್ಕೆ ಕರೆ ಮಾಡಿರಿ. ಆ ಸೇವೆ ೨೦೦೫ನೆಯ ಆಗಸ್ಟ್ ೧೫ರಂದು ಮೊದಲಾದದ್ದು ನಮ್ಮ ಹೈದರಾಬಾದಿನಲ್ಲಿಯೇ. ಸುರಿಯುವ ಗಾಯವನ್ನು ಶುಭ್ರವಾದ ಬಟ್ಟೆಯಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ; ನಿಂತಿತೇ ಎಂದು ಮತ್ತೆಮತ್ತೆ ಎತ್ತಿ ನೋಡಬೇಡಿ. ಕಂಬಳಿ ಹೊದಿಸಿ ಮೈ ಬೆಚ್ಚಗಿಡಿ. ಪ್ರಜ್ಞೆ ತಪ್ಪುವಂತಿರುವವನ ಬಾಯಿಗೆ ನೀರು, ಸೋಡ, ಚಹಾ ಹಾಕಬೇಡಿ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ನಲ್ಲಿಯ ನೀರು ಹರಿಸಿ, ಆದರೆ ಉಳಿದ ಮೈ ತಣ್ಣಗಾಗದಂತೆ ನೋಡಿಕೊಳ್ಳಿ. ಪೋಲೀಸರ ಅಂಜಿಕೆ ಬೇಡ. ೨೦೧೯ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ.

ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ “ಸಲಾಯಿನ್ ಹಚ್ಯಾರೇನು?” ಎನ್ನುವ ಬದಲು ಎರಡು ಮಾತು ಕೇಳೋಣ: “ರಕ್ತ ನಿಂತಿದೆಯೇ? ರಕ್ತ ಬೇಕಾಗಿದೆಯೇ?” ಮೊದಲನೆಯದಕ್ಕೆ ಉತ್ತರ ಕೊಡತಕ್ಕವರು ಶಸ್ತ್ರವೈದ್ಯರು, ಎರಡನೆಯದಕ್ಕೆ ಉತ್ತರ ಕೊಡತಕ್ಕವರು ನಾವು.

ಅಭ್ಯಾಸಕ್ಕೆ ಪ್ರಶ್ನೆಗಳು

(ವಾಚನಾಲಯದ ಭಾನುವಾರದ ಅಧ್ಯಯನ ಕೂಟದಲ್ಲಿ ಚರ್ಚಿಸತಕ್ಕವು)

೧. ಕಾಲರಾ ರೋಗಿಗೆ ಸಲೈನು ಮದ್ದಾಗುತ್ತದೆ. ರಕ್ತ ಸುರಿಯುವವನಿಗೆ ಅದು ಏಕೆ ಸಾಲದು?

೨. ಗ್ಲೂಕೋಸ್ ಬಾಟ್ಲಿಯ ನೀರು ನಾಳದಲ್ಲಿ ಏಕೆ ನಿಲ್ಲುವುದಿಲ್ಲ?

೩. ೫೦ ಕಿಲೋ ತೂಗುವವಳ ಮೈ ನೂರಕ್ಕೆ ೨೦ ಪಾಲು ಸುಟ್ಟಿದೆ. ಬೆಂಕಿ ತಗಲಿದ್ದು ಬೆಳಿಗ್ಗೆ ೯ಕ್ಕೆ, ಆಸ್ಪತ್ರೆ ಸೇರಿದ್ದು ೧೧ಕ್ಕೆ. ೨ರ ಸೂತ್ರದಂತೆ ಮೊದಲ ಅರ್ಧ ಎಷ್ಟು, ಅದು ಎಷ್ಟು ಗಂಟೆಯೊಳಗೆ ಮುಗಿಯಬೇಕು? (ಉತ್ತರ: ೧,೦೦೦ ಮಿಲಿಲೀಟರ್, ಸಂಜೆ ೫ರೊಳಗೆ.)

೪. ನಿಮ್ಮ ರಕ್ತದ ಗುಂಪು ಯಾವುದು? ತಿಳಿಯದಿದ್ದಲ್ಲಿ ಮುಂದಿನ ಕೂಟದೊಳಗೆ ಪರೀಕ್ಷೆ ಮಾಡಿಸಿಕೊಂಡು ಬರತಕ್ಕದ್ದು.